ಹಗೇವಿನ ಮೇಲೆ ಹಗ್ಗ ಹಿಡಿದವಳು

ನನಗೆ ಸಿಟ್ಟು ಬೇಗ. ವಯಸ್ಸಾಗಿ ಮೊಣಕಾಲು ಸೋತಿವೆ, ಸಿಟ್ಟು ಮಾತ್ರ ಸೋತಿಲ್ಲ. ಮೊಮ್ಮಕ್ಕಳು ರೊಟ್ಟಿಯ ಅಂಚು ಮುರಿದು ತಟ್ಟೆಯಲ್ಲಿ ಬಿಟ್ಟರೆ ಓಣಿಗೆಲ್ಲ ಕೇಳುವಂತೆ ಬೈಯುತ್ತೇನೆ. "ಮುದುಕಿದು ಒಂದು ಹಗೇವಿನ ಕಥಿ ಅದ, ಅದಕ್ಕ ಹಿಂಗ ಮಾಡ್ತಾಳ" ಎಂದು ಮಗಳು ಅವರಿಗೆ ಸಮಾಧಾನ ಹೇಳುತ್ತಾಳೆ. ಕಥೆಯಲ್ಲ, ನಡೆದದ್ದು. ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ನಾನು, ಬರೆಯುವುದು ನಿಧಾನ. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ಇದರಲ್ಲಿ ನನ್ನದೊಂದು ತಪ್ಪಿದೆ ಮತ್ತು ಅದನ್ನು ಮಗಳಿಗೂ ಪೂರ್ತಿ ಹೇಳಿಲ್ಲ.

ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಭುಜ ಕುಗ್ಗಿಸಿ ಇಳಿಯುವಷ್ಟು. ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲವಾಗುತ್ತದೆ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಹುಳವೇ ಬದುಕದ ಜಾಗದಲ್ಲಿ ಮನುಷ್ಯ ಬದುಕುತ್ತಾನೆಯೇ? ಮುಚ್ಚಿದ ಹಗೇವಿನ ಗಾಳಿ ವಿಷ, ಆ ವಿಷ ತಳದಲ್ಲೇ ಕೂರುತ್ತದೆ. ಅದಕ್ಕೇ ಬಾಯಿ ತೆರೆದು ಅರ್ಧ ದಿನ ಹಾಗೇ ಬಿಡಬೇಕು. ಕಂಬಳಿ ಇಳಿಬಿಟ್ಟು ಮೇಲೆಳೆದು, ಇಳಿಬಿಟ್ಟು ಮೇಲೆಳೆದು, ಒಳಗಿನ ಗಾಳಿ ಆಡಿಸಬೇಕು. ಕೊನೆಗೆ ಒಂದು ಸಣ್ಣ ಬುಟ್ಟಿಯಲ್ಲಿ ದೀಪ ಇಟ್ಟು ಹಗ್ಗದಿಂದ ಇಳಿಸಿ ನೋಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಯಾರು ಹೇಳಿದರೂ ಇಳಿಯಬಾರದು.

ಗೋಗಿಯಿಂದ ಶಹಾಪುರದ ಕಡೆ ಒಂದು ಹರದಾರಿ ನಡೆದರೆ ನಮ್ಮೂರು. ನಾವು ಊರ ಹೊರಗಿನ ಕೇರಿಯವರು. ಹಗೇವು ತೆಗೆಯುವುದು ಅಪ್ಪನ ಕಸುಬು, ಅವನಪ್ಪನದೂ ಅದೇ. ಸುತ್ತಲ ಊರುಗಳ ಗೌಡರು, ಸಾಹುಕಾರರು ಅಪ್ಪನಿಗೇ ಹೇಳಿ ಕಳಿಸುತ್ತಿದ್ದರು. ಕೆಲಸಕ್ಕೆ ಹಗ್ಗ ಎರಡು. ಒಂದು ಕಾಳಿನ ಬುಟ್ಟಿಯ ಹಗ್ಗ, ಅದನ್ನು ಊರವರು ಎಳೆಯುತ್ತಿದ್ದರು. ಇನ್ನೊಂದು ಅಪ್ಪನ ನಡುವಿಗೆ ಕಟ್ಟಿದ ಹಗ್ಗ, ಅದನ್ನು ನಮ್ಮವರೇ ಹಿಡಿಯಬೇಕು. ಅಪ್ಪ ತನ್ನ ಕೈಯಾರೆ ತುಂಬಿದ ಕಾಳಿಗೆ ಮೈಲಿಗೆ ಇಲ್ಲ, ಅಪ್ಪನ ನಡುವಿನ ಹಗ್ಗಕ್ಕೆ ಮೈಲಿಗೆ. ಈ ಲೆಕ್ಕ ಹಾಕಿದವನು ಬಹಳ ಶಾಣ್ಯಾ ಇರಬೇಕು.

ಕೂಲಿ ಅಂದರೆ ಹಗೇವಿನ ಗೋಡೆಗೆ ಅಂಟಿ ಮುಗ್ಗಿಹೋದ ಕಾಳು. ಕರ್ರಗೆ ಗಂಟುಗಂಟಾಗಿ ಇರುತ್ತಿತ್ತು. ಎಷ್ಟು ತೊಳೆದು ಬಿಸಿಲಿಗೆ ಹಾಕಿದರೂ ರೊಟ್ಟಿಯಲ್ಲಿ ಆ ಮುಗ್ಗಲು ವಾಸನೆ ಉಳಿಯುತ್ತಿತ್ತು. ಹಸಿವು ರುಚಿ ಕೇಳುವುದಿಲ್ಲ, ನಾವೂ ಕೇಳಲಿಲ್ಲ.

ಹಗ್ಗ ಹಿಡಿದವರ ಕೆಲಸ ಬರೀ ಹಿಡಿಯುವುದಲ್ಲ, ಕರೆಯುವುದು. ಮೇಲಿನವರು ಬಿಡದೆ ಕರೆಯುತ್ತಿರಬೇಕು, ಕೆಳಗಿನವರು "ಓ" ಅನ್ನುತ್ತಿರಬೇಕು. ಉತ್ತರ ಬರಲಿಲ್ಲ ಅಂದರೆ ಎಳೆಯಬೇಕು. ಏನಾಯಿತು ಎಂದು ನೋಡಲು ಇನ್ನೊಬ್ಬರು ಇಳಿಯಬಾರದು. ಒಬ್ಬನನ್ನು ಉಳಿಸಲು ಹೋಗಿ ಅಣ್ಣತಮ್ಮಂದಿರೆಲ್ಲ ಒಂದೇ ಹಗೇವಿನಲ್ಲಿ ಸತ್ತ ಸುದ್ದಿಗಳನ್ನು ನಾವು ಕೇರಿಯಲ್ಲಿ ಕೇಳುತ್ತಲೇ ಬೆಳೆದೆವು.

ಮೊದಲು ನನ್ನಣ್ಣ ಹಗ್ಗ ಹಿಡಿಯುತ್ತಿದ್ದ. ಆ ವರ್ಷ ಅವನು ಯಾದಗಿರಿ ಸ್ಟೇಶನ್ನಿಗೆ ಹಮಾಲಿ ಮಾಡಲು ಹೋದ. ಎಲ್ಲೋ ದೂರದೇಶದಲ್ಲಿ ಯುದ್ಧ ನಡೆದಿತ್ತಂತೆ. ಯುದ್ಧ ಮಾಡುವವರು ಯಾರು, ಯಾಕೆ ಮಾಡುತ್ತಾರೆ, ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ನಿಜಾಮ ಸರಕಾರ ರೈತರ ಕಣಕ್ಕೆ ಬಂದು ಲೆವಿ ಎಂದು ಕಾಳು ಒಯ್ಯುತ್ತಿತ್ತು. ಉಳಿದದ್ದನ್ನು ಉಳ್ಳವರು ಬಚ್ಚಿಡುತ್ತಿದ್ದರು. ದುಡಿದರೂ ಕೂಲಿಗೆ ಕಾಳು ಸಿಗುತ್ತಿರಲಿಲ್ಲ. ಶಹಾಪುರದ ಕಂಟ್ರೋಲ್ ಅಂಗಡಿಯ ಮುಂದೆ ಬೆಳಗಿನಿಂದ ಸಾಲು ನಿಂತರೆ ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೀರೆಗೆ ತೇಪೆ, ತೇಪೆಗೆ ತೇಪೆ. ನಾನು ಇಪ್ಪತ್ತರ ವಿಧವೆ, ಗಂಡ ಜ್ವರದಲ್ಲಿ ಹೋಗಿ, ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದೆ. ಅವ್ವ ಮೊದಲೇ ಇರಲಿಲ್ಲ. ಮನೆಯಲ್ಲಿ ಅಪ್ಪ, ನಾನು, ಕೂಸು. ಅಣ್ಣ ಹೋದ ಮೇಲೆ ಹಗ್ಗ ನನ್ನ ಕೈಗೆ ಬಂತು. ಹೆಂಗಸು ಹಗ್ಗ ಹಿಡಿದರೆ ಕೆಡುಕು ಎಂದು ಕೇರಿಯಲ್ಲಿ ಅಂದರು. "ಹೊಟ್ಟಿಗಿಂತ ಕೆಡುಕು ಯಾವುದದ?" ಎಂದು ಅಪ್ಪ ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದ.

ದೇವರ ಜೊತೆ ನನಗೆ ಆಗಲೇ ಜಗಳವಾಗಿತ್ತು. ಗಂಡನಿಗೆ ಜ್ವರ ಬಂದಾಗ ತಿಂಥಣಿಗೆ ನಡೆದು ಹೋಗಿ, ಹೊಳೆಯಲ್ಲಿ ಮಿಂದು, ಮೌನೇಶ್ವರನಿಗೆ ಹರಕೆ ಹೊತ್ತು ಬಂದಿದ್ದೆ. ನಾನು ಮನೆ ಮುಟ್ಟುವುದರೊಳಗೆ ಅವನ ಹೆಣ ಹೊರಗೆ ಮಲಗಿಸಿದ್ದರು. ಅಂದಿನಿಂದ ಮನೆಯ ದೇವರ ಜಗಲಿಯ ಮುಂದೆ ಕೈ ಮುಗಿದಿರಲಿಲ್ಲ. ಅಪ್ಪ ಮಾತ್ರ ಎಲ್ಲಿಂದಲೋ ನಾಲ್ಕು ಹನಿ ಎಣ್ಣೆ ತಂದು ಸೋಮವಾರ ದೀಪ ಹಚ್ಚುತ್ತಿದ್ದ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ. ಆ ಎಣ್ಣಿ ಕೂಸಿನ ತಲಿಗರ ಹಚ್ಚು" ಎಂದು ಬೈಯುತ್ತಿದ್ದೆ. ಅವನು ನಗುತ್ತಿದ್ದ. ಆ ನಗು ಕಂಡರೆ ನನಗೆ ಇನ್ನೂ ಉರಿಯುತ್ತಿತ್ತು.

ಆ ದಿನ ಶ್ರಾವಣದ ಮೋಡ ಮುಚ್ಚಿತ್ತು. ಎಲೆ ಅಲುಗಾಡುವಷ್ಟೂ ಗಾಳಿ ಇರಲಿಲ್ಲ. ಮನೆಯಲ್ಲಿ ಮೂರು ದಿನದಿಂದ ಹಿಟ್ಟು ಮುಗಿದು, ಹುಣಸೆ ಬೀಜ ಹುರಿದು ನೆನೆಸಿ ತಿನ್ನುತ್ತಿದ್ದೆವು. ಬೆಳಿಗ್ಗೆ ಗೌಡರ ಆಳು ಓಡಿಬಂದು, ಕಂದಾಯದ ಗಿರ್ದಾವರ ಸಾಹೇಬರು ಲೆವಿ ವಸೂಲಿಗೆ ಬಂದಿದ್ದಾರೆ, ಗೌಡರ ವಾಡೆಯ ಮುಂದಿನ ದೊಡ್ಡ ಹಗೇವು ಈಗಿಂದೀಗ ತೆಗೆಯಬೇಕಂತೆ ಎಂದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ದೊಡ್ಡ ಹಗೇವು ಅಂದರೆ ಗೋಡೆಗೆ ಕಾಳು ಹೆಚ್ಚು.

ವಾಡೆಯ ಅಂಗಳದಲ್ಲಿ ಗಿರ್ದಾವರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಚಪರಾಸಿ. ಗೌಡರು ಕಂಬಕ್ಕೆ ಒರಗಿ ನಿಂತಿದ್ದರು, ಕಾಳಿನ ಹಗ್ಗ ಎಳೆಯಲು ಐದಾರು ಮಂದಿ ರೈತರು ಬಂದಿದ್ದರು. ಅಪ್ಪ ಮಣ್ಣು ಕೆದರಿ ಕಲ್ಲು ಸರಿಸಿದ. ಒಳಗಿನಿಂದ ಬಿಸಿ ಹಬೆಯಂಥದು ಮುಖಕ್ಕೆ ಹೊಡೆಯಿತು.

"ಸರಕಾರ, ಮಧ್ಯಾಹ್ನದ ತನಕ ಬಾಯಿ ತೆರದು ಬಿಡಬೇಕ್ರಿ. ಗಾಳಿ ಇಲ್ಲ ಇವತ್ತ" ಎಂದು ಅಪ್ಪ ಕೈ ಮುಗಿದ.

"ಮಧ್ಯಾಹ್ನ? ನನಗ ಇನ್ನ ಎರಡು ಊರು ಅದಾವ. ಫೌರನ್ ಇಳಿ" ಎಂದರು ಗಿರ್ದಾವರರು.

ಅಪ್ಪ ಗೌಡರ ಮುಖ ನೋಡಿದ. ಗೌಡರು ಮೀಸೆ ಸವರಿಕೊಂಡರು. ಅಪ್ಪ ಮತ್ತೆ ಕೈ ಮುಗಿದು, ಕಂಬಳಿ ಆಡಿಸಿ ದೀಪ ಬಿಟ್ಟು ನೋಡಿ ಇಳಿಯುತ್ತೇನೆ, ಅಷ್ಟಕ್ಕಾದರೂ ಬಿಡಿ ಎಂದ. ಸಾಹೇಬರು ಗಡಿಯಾರ ನೋಡಿ ಹೂಂ ಅಂದರು. ಅರ್ಧ ದಿನ ಮಾಡುವ ಕೆಲಸವನ್ನು ನಾವಿಬ್ಬರೂ ಬೆವರಿಳಿಸಿಕೊಂಡು ಸ್ವಲ್ಪ ಹೊತ್ತಿನಲ್ಲಿ ಮಾಡಿದೆವು. ಗೌಡಸಾನಿ, ಅಂದರೆ ಗೌಡರ ಹೆಂಡತಿ, ದೀಪಕ್ಕೆ ಎಣ್ಣೆ ಹಾಕಿ ತಂದು ಕಲ್ಲಿನ ಮೇಲಿಟ್ಟರು. ಮುಖ ಬಿಳಿಚಿಕೊಂಡಿತ್ತು. ನನ್ನನ್ನೇ ಒಂದು ಗಳಿಗೆ ನೋಡಿ, ಏನೋ ಹೇಳಲು ಬಂದವರಂತೆ ನಿಂತು, ತಿರುಗಿ ಹೊಸ್ತಿಲಿಗೆ ಹೋದರು. ಎರಡು ಹನಿ ಎಣ್ಣೆಗೆ ಇಷ್ಟು ಸಂಕಟವೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಈಗ ನನ್ನ ತಪ್ಪಿನ ಮಾತು. ದೀಪದ ಹಗ್ಗಕ್ಕೆ ಅಪ್ಪ ಗಂಟು ಹಾಕಿದ್ದ, ಒಂದೊಂದು ಹಗೇವಿಗೆ ಒಂದೊಂದು. ಹಗೇವು ತುಂಬಿದ್ದರೆ ಕಾಳು ಎಲ್ಲಿಗೆ ಬರುತ್ತದೋ ಅಲ್ಲಿಗೆ ಗಂಟು. ಈ ಹಗೇವನ್ನು ಹಿಂದಿನ ವರ್ಷ ಊರೆಲ್ಲ ನೋಡುವಂತೆ ತುಂಬಿದ್ದರು, ತುಂಬಿದವನೂ ಅಪ್ಪನೇ. ಬುಟ್ಟಿ ಇಳಿಸಿದೆ. ಗಂಟು ಬಾಯಿಯ ಹತ್ತಿರ ಬಂತು. ಬಗ್ಗಿ ನೋಡಿದೆ, ಕತ್ತಲೊಳಗೆ ದೀಪ ನಿಚ್ಚಳವಾಗಿ ಉರಿಯುತ್ತಿತ್ತು. ಆದರೆ ಬುಟ್ಟಿ ಕಾಳಿನ ಮೇಲೆ ಕೂತರೆ ಹಗ್ಗ ಸಡಿಲಾಗಬೇಕು. ಸಡಿಲಾಗಿರಲಿಲ್ಲ. ಬುಟ್ಟಿಯ ಭಾರ ಇನ್ನೂ ನನ್ನ ಬೆರಳಿಗೆ ತಿಳಿಯುತ್ತಿತ್ತು. ಹುಲ್ಲಿಗೆ ಸಿಕ್ಕಿಕೊಂಡಿರಬಹುದೇ? ಇನ್ನೊಂದು ಮೊಳ ಬಿಟ್ಟು ನೋಡಲೇ?

"ಏ, ಏನ್ ತಮಾಷಿ ನೋಡಾಕತ್ತಿ? ಉರಿತದೋ ಇಲ್ಲೋ?" ಎಂದು ಚಪರಾಸಿ ಕೂಗಿದ.

"ಉರಿಯಾಕತ್ತದ್ರಿ" ಎಂದೆ.

ಸುಳ್ಳಲ್ಲ. ದೀಪ ಉರಿಯುತ್ತಿತ್ತು. ಆದರೆ ಅದು ಎಲ್ಲಿ ನಿಂತು ಉರಿಯುತ್ತಿದೆ ಎಂಬುದು ನನಗೆ ಅನುಮಾನವಿತ್ತು, ಆ ಅನುಮಾನವನ್ನು ನುಂಗಿದೆ. ಚಪರಾಸಿಗೆ ಹೆದರಿ ಅಷ್ಟೇ ಅಲ್ಲ. ನನಗೂ ಅವಸರವಿತ್ತು, ಹೊಟ್ಟೆ ಚುರುಗುಡುತ್ತಿತ್ತು.

ಅಪ್ಪ ಹಗ್ಗವನ್ನು ನಡುವಿಗೆ ಬಿಗಿದುಕೊಂಡು, ಹಗೇವಿನ ಬಾಯಿಯ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದ. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ನಾನು ಬಿಡತೊಡಗಿದೆ.

"ಯಪ್ಪಾ!"

"ಓ."

"ಕಾಳು ಸಿಕ್ಕಾವೇನು?"

"ಇನ್ನ ಇಲ್ಲ. ಬಿಡು."

ಬಿಟ್ಟೆ. ಗಂಟಿನ ಮಟ್ಟ ದಾಟಿ ಹಗ್ಗ ಹೋಗುತ್ತಿತ್ತು.

"ಯಪ್ಪಾ, ಕಾಳು?"

"ಓ... ಬಿಡು ಬಿಡು. ಇನ್ನಷ್ಟು ಬಿಡು."

ಗೌಡರತ್ತ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಹಗ್ಗ ಮತ್ತೂ ಒಂದಾಳುದ್ದ ಹೋಯಿತು, ಆಮೇಲೆ ಸಡಿಲಾಯಿತು. ಕರೆದೆ. ಬಹಳ ಹೊತ್ತಿನ ಮೇಲೆ ಒಂದು "ಓ" ಬಂತು, ಸೆರೆ ಕುಡಿದವನ ಬಾಯಿಂದ ಬಂದಂತೆ. ಮತ್ತೆ ಕರೆದೆ. ಬರಲಿಲ್ಲ.

ಎಳೆದೆ. ಅಪ್ಪ ಸಣ್ಣ ಮೈಯವನು, ಆದರೂ ಎಚ್ಚರ ತಪ್ಪಿದ ಮೈ ಕಲ್ಲಿಗಿಂತ ಭಾರ. ಒಂದು ಮೊಳ ಬಂತು, ಅಂಗೈ ಸುಲಿದು ಹಗ್ಗ ಅರ್ಧ ಮೊಳ ಹಿಂದೆ ಹೋಯಿತು. "ಹಿಡೀರಿ! ಯಾರರ ಹಿಡೀರಿ!" ಎಂದು ಅರಚಿದೆ. ಐದಾರು ಮಂದಿ ಗಟ್ಟಿಮುಟ್ಟಾದ ರೈತರು ಕಾಳಿನ ಹಗ್ಗ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನಿಂತೇ ಇದ್ದರು. ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಇನ್ನೊಬ್ಬ, "ಕೇರಿಗೆ ಹೇಳಿ ಕಳಸ್ರಿ, ಅವರ ಮಂದಿ ಬರಲಿ" ಎಂದ. ನಮ್ಮ ಕೇರಿಯ ಮಂದಿಯೆಲ್ಲ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಅವರು ಬರುವ ಹೊತ್ತಿಗೆ ಅಪ್ಪನ ಹೆಣ ಬರುತ್ತಿತ್ತು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗಿರ್ದಾವರರು ಎದ್ದು ನಿಂತು, "ಮತ್ತೊಬ್ಬನ್ನ ಇಳಸ್ರಿ" ಎಂದರು. ಯಾರೂ ಅಲುಗಲಿಲ್ಲ.

ಇಂಥ ಹೊತ್ತಿನಲ್ಲಿ ಜನ ದೇವರನ್ನು ನೆನೆಯುತ್ತಾರಂತೆ. ನಾನು ನೆನೆಯಲಿಲ್ಲ. ಬೈದೆ. ಗೌಡನನ್ನು, ಗಿರ್ದಾವರನನ್ನು, ನಿಂತವರ ತಾಯಿತಂದೆಯನ್ನು, ಮೇಲಿರುವವನನ್ನು, ಎಲ್ಲರನ್ನೂ ಒಂದೇ ಉಸಿರಲ್ಲಿ ಬೈಯುತ್ತ ಎಳೆದೆ. ಕೈ ಜಾರುತ್ತಿತ್ತು, ರಕ್ತಕ್ಕೋ ಬೆವರಿಗೋ ತಿಳಿಯಲಿಲ್ಲ.

ಆಗ ಹೊಸ್ತಿಲಿನಿಂದ ಕೂಗು ಕೇಳಿತು. "ಕಾಳಿಲ್ಲರೀ ಅದರಾಗ! ಪೂರಾ ಖಾಲಿ ಅದ! ನಮ್ಮ ತವರಮನಿ ಆಳು ಬಂದು ತೆಗದು ಒಯ್ದಾರ! ಆಂವ ತಳಕ್ಕ ಬಿದ್ದಾನ, ಎಳೀರಿ!"

ಗೌಡಸಾನಿ ಓಡಿ ಬಂದರು. ಸೆರಗು ಜಾರಿ ತಲೆ ಬರಿದಾಗಿತ್ತು. "ಏಯ್, ಒಳಗ ನಡಿ!" ಎಂದು ಗೌಡರು ಗುಡುಗಿದರು. ಅವರು ತಿರುಗಿ ನೋಡಲಿಲ್ಲ. ನನ್ನ ಹಿಂದೆ ನಿಂತು, ನಮ್ಮ ಹಗ್ಗವನ್ನು, ಅಪ್ಪನ ನಡುವಿನ ಹಗ್ಗವನ್ನು, ಎರಡೂ ಕೈಯಲ್ಲಿ ಹಿಡಿದು ಎಳೆದರು. ಹಸಿರು ಬಳೆ ಪಟಪಟ ಒಡೆದು ಬಿದ್ದವು. ಇಬ್ಬರು ಹೆಂಗಸರು ಎಳೆದರೆ ಎಷ್ಟು ಬಂದೀತು? ಒಂದಾಳುದ್ದ ಬಂತು. ಅಷ್ಟರಲ್ಲಿ ರೈತರಲ್ಲಿ ಹಿರಿಯನೊಬ್ಬ ಕಾಳಿನ ಹಗ್ಗ ಕೆಳಗೆ ಒಗೆದು ಬಂದು ನಮ್ಮ ಹಗ್ಗಕ್ಕೆ ಕೈ ಹಾಕಿದ. ಗೌಡಸಾನಿಯೇ ಹಿಡಿದ ಮೇಲೆ ಉಳಿದವರಿಗೆ ನಿಲ್ಲಲು ನೆಪ ಉಳಿಯಲಿಲ್ಲ, ಅವರೂ ಬಂದರು.

ಬಾಯಿಯ ಹತ್ತಿರ ಅಪ್ಪನ ಭುಜ ಸಿಕ್ಕಿಕೊಂಡಿತು. ನಾನು ಮಲಗಿ ಕೈ ಇಳಿಬಿಟ್ಟು ಅವನ ತೋಳು ಮೇಲೆತ್ತಿದೆ. ಹೊರಗೆ ಬಂದಾಗ ಮುಖ ನೀಲಿ, ಕಣ್ಣು ಮೇಲೆ. ಬಯಲಿಗೆ ಹಾಕಿ ನೀರು ಹೊಡೆದರು, ಅಂಗಾಲು ತಿಕ್ಕಿದರು, ಆ ಹಿರಿಯ ರೈತ ತನ್ನ ಧೋತರದ ಚುಂಗಿನಿಂದ ಗಾಳಿ ಹಾಕಿದ. ನಾನು ಎದೆ ಗುದ್ದಿದೆ, ಸಿಟ್ಟಿನಿಂದಲೇ ಗುದ್ದಿದೆ. ಎಷ್ಟು ಹೊತ್ತಾಯಿತೋ, ಅಪ್ಪನ ಗಂಟಲಿನಿಂದ ಗೊರ್ ಎಂದು ಒಂದು ಉಸಿರು ಬಂತು. ಅದರ ಹಿಂದೆ ಇನ್ನೊಂದು.

ಕಾಳು ಬಚ್ಚಿಟ್ಟ ತಪ್ಪಿಗೆ ಗಿರ್ದಾವರರು ಅಂದು ಗೌಡರನ್ನು ತಮ್ಮ ಜೊತೆಗೇ ಶಹಾಪುರಕ್ಕೆ ಕರೆದೊಯ್ದರು. ಹೋಗುವಾಗ ಗೋಡೆಯ ಮುಗ್ಗಿದ ಕಾಳು ಸರಕಾರಕ್ಕೆ ಬೇಡ, ಇವರೇ ಒಯ್ಯಲಿ ಎಂದರು. ಗಾಳಿ ತಿಳಿಯಾದ ಮೇಲೆ ನಮ್ಮ ದಾಯಾದಿ ಹುಡುಗನೊಬ್ಬ ಇಳಿದು ಕೆರೆದು ತಂದ. ಆ ಕಾಳಿನಲ್ಲಿ ತಿಂಗಳು ಕಳೆದೆವು. ಗೌಡರು ಹತ್ತು ದಿನಕ್ಕೆ ತಿರುಗಿ ಬಂದರು, ಹೇಗೆ ಬಂದರು ಎಂದು ಯಾರೂ ಕೇಳಲಿಲ್ಲ. ಬಂದವರೇ ಹೆಂಡತಿಯನ್ನು ಬಂಡಿ ಹತ್ತಿಸಿ ಸುರಪುರಕ್ಕೆ, ತವರಿಗೆ ಕಳಿಸಿಬಿಟ್ಟರು. ಪರರ ಮುಂದೆ ಮನೆಯ ಗುಟ್ಟು ಒಡೆದವಳು, ಕೇರಿಯವರ ಹಗ್ಗ ಮುಟ್ಟಿದವಳು, ಈ ಮನೆಯ ಹೊಸ್ತಿಲು ತುಳಿಯಕೂಡದು ಎಂದರಂತೆ.

ನಾನು ಆ ಅಂಗಳದಿಂದ ಒಂದು ಹಸಿರು ಬಳೆ ಚೂರು ಎತ್ತಿ ತಂದಿದ್ದೆ. ಅದನ್ನು ಜಗಲಿಯ ಮೇಲೆ, ದೇವರ ಪಕ್ಕದಲ್ಲಿಟ್ಟೆ. ದೇವರಿಗೆ ಹಚ್ಚದ ದೀಪ ಅದಕ್ಕೆ ಹಚ್ಚಿದೆ. ಅತ್ತ ಗಂಡ ಇತ್ತ ಸರಕಾರ ಇದ್ದಾಗ ತನ್ನ ಬದುಕು ಹಾಳಾದರೂ ಸರಿ ಎಂದು ಬಾಯಿ ಬಿಟ್ಟವಳು ದೇವರಲ್ಲದೆ ಮತ್ತೇನು? ನನಗೆ ಕೊನೆಗೂ ನಂಬಲು ಒಂದು ಸಿಕ್ಕಿತ್ತು.

ಅಪ್ಪ ಬದುಕಿದನೇ ಹೊರತು ಮೊದಲಿನಂತೆ ಆಗಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಅವನು ಇನ್ನು ಇಳಿಯುವಂತಿರಲಿಲ್ಲ. ದಾಯಾದಿ ಹುಡುಗ ಇಳಿಯಲು ತಯಾರಿದ್ದ, ಆದರೆ ಒಂದು ಷರತ್ತು ಹಾಕಿದ. "ಹಗ್ಗ ನೀ ಹಿಡದ್ರ ಇಳಿತೀನಕ್ಕ. ನೀ ಅವತ್ತ ಬಿಡಲಿಲ್ಲಲ್ಲ." ಬಳಿಚಕ್ರದ ಕಡೆಯಿಂದ ಒಬ್ಬ ಸಾಹುಕಾರ ಹೇಳಿ ಕಳಿಸಿದ, ಗೋಗಿಯಿಂದ ಇನ್ನೊಬ್ಬ. ನಾನು ಒಲ್ಲೆ ಎಂದೆ. ಯಾಕೆ ಎಂದು ಕೇಳಿದರೆ ಕೈ ನೋವು ಎನ್ನುತ್ತಿದ್ದೆ. ಕೈ ಎಂದೋ ಮಾಗಿತ್ತು. ಬುಟ್ಟಿಯ ಭಾರ ಬೆರಳಿಗೆ ತಿಳಿದದ್ದು, ತಿಳಿದೂ "ಉರಿಯಾಕತ್ತದ" ಎಂದದ್ದು, ಅದು ಮಾಗಿರಲಿಲ್ಲ. ನನ್ನನ್ನು ನಂಬಿ ಇನ್ನೊಬ್ಬ ಇಳಿಯುವುದು ನನಗೆ ಬೇಡವಾಗಿತ್ತು. ಮನೆಯಲ್ಲಿ ಕಾಳು ಮುಗಿಯುತ್ತ ಬಂತು. ಕೂಸು ಮತ್ತೆ ಹುಣಸೆ ಬೀಜ ಚೀಪತೊಡಗಿತು. ಅಪ್ಪ ನನ್ನನ್ನು ಒತ್ತಾಯ ಮಾಡಲಿಲ್ಲ, ಅದೇ ದೊಡ್ಡ ಹಿಂಸೆಯಾಯಿತು.

ಗೋಗಿಯವರ ಎರಡನೆಯ ಕರೆ ಬಂದಾಗ, ನಾಡಿದ್ದು ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಒಮ್ಮೆ ಕಸುಬು ಬೇರೆಯವರ ಕೈಗೆ ಹೋದರೆ ತಿರುಗಿ ಬರುವುದಿಲ್ಲ. ನಾನು ಕೂಸನ್ನು ಅಪ್ಪನ ಹತ್ತಿರ ಬಿಟ್ಟು ಸುರಪುರಕ್ಕೆ ಹೊರಟೆ. ಗೌಡಸಾನಿಯ ಕಾಲಿಗೆ ಬಿದ್ದು ಬಂದರೆ ನನ್ನ ಕೈಗೆ ಮತ್ತೆ ಹಗ್ಗ ಹಿಡಿಯುವ ಶಕ್ತಿ ಬರುತ್ತದೆ ಎಂದು ನಂಬಿದ್ದೆ. ಒಂದಿಷ್ಟು ದೂರ ಯಾರದೋ ಬಂಡಿ ಸಿಕ್ಕಿತು, ಉಳಿದದ್ದೆಲ್ಲ ಕಾಲು.

ಅವರ ಅಣ್ಣನ ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಗೌಡಸಾನಿ ಹಿತ್ತಲಿನಲ್ಲಿ ಕೂತು ತೊಗರಿ ಆರಿಸುತ್ತಿದ್ದರು. ಸೊರಗಿದ್ದರು. ನಾನು ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿದೆ.

"ಅವ್ವಾರ, ನನ್ನ ಪಾಲಿಗೆ ನೀವ ದೇವ್ರು" ಎಂದೆ. ಬಳೆ ಚೂರಿನ ಮಾತು, ದೀಪದ ಮಾತು ಹೇಳಿದೆ.

ಅವರ ಕೈ ನಿಂತಿತು. "ಅದನ್ನ ತೆಗದು ಒಗಿ" ಎಂದರು.

"ಯಾಕ್ರಿ?"

"ನಿಮ್ಮಪ್ಪ ಇಳಿಯೂಕಿಂತ ಮೊದಲ ನನಗ ಗೊತ್ತಿತ್ತು, ಹಗೇವು ಖಾಲಿ ಅದ ಅಂತ. ದೀಪಕ್ಕ ಎಣ್ಣಿ ಹಾಕಿದಾಕಿ ನಾನು. ದೀಪ ಆರತದ, ಈಕಿಗೆ ತಿಳಿತದ, ನಾ ಯಾಕ ಬಾಯಿ ಬಿಡಲಿ ಅಂತ ಸುಮ್ನ ಹೋಗಿ ನಿಂತೆ. ಆಂವ ಇಳದ. ಒಂದು ಓ ಅಂದ, ಕೇಳಿದೆ. ಎರಡನೇದ್ದೂ ಕೇಳಿದೆ. ಮೂರನೇದ್ದು ಹೆಂಗ ಬಂತು ಅನ್ನೂದೂ ಕೇಳಿದೆ. ಆಗೂ ಗಂಡನ ಮುಖ ನೋಡಕೋತ ನಿಂತಿದ್ದೆ. ನೀ ಕೈ ಸುಲಕೊಂಡು ಒದರಾಕತ್ತಿದ್ದಿ, ನಾ ನಿಂತಿದ್ದೆ. ಇಂಥಾಕಿಗೆ ದೀಪ ಹಚ್ತಿಯೇನು?"

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. ಆ ತೊಗರಿಯ ಮೊರವನ್ನು ಕಾಲಿನಿಂದ ಒದೆಯಬೇಕು ಅನಿಸಿತು. ಇಷ್ಟು ದಿನ ನಾನು ನಂಬಿದ್ದು ಇವಳನ್ನೇ? ಬಾಯಿ ತುಂಬ ಬೈಗುಳ ಬಂತು. ಆದರೆ ಒಂದೂ ಹೊರಗೆ ಬರಲಿಲ್ಲ, ಯಾಕೆಂದರೆ ಆ ಬೈಗುಳವೆಲ್ಲ ಮೊದಲು ನನಗೇ ಸಲ್ಲಬೇಕಿತ್ತು. ಮತ್ತೆ ಕೂತೆ. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ: ಗಂಟು, ಬುಟ್ಟಿಯ ಭಾರ, ನನ್ನ ಬೆರಳು, ನನ್ನ ಹಸಿವು, ಎಲ್ಲ.

ಅವರು ಮೊರ ಪಕ್ಕಕ್ಕೆ ಸರಿಸಿದರು. ಆಮೇಲೆ, "ಹಂಗಾರ ಇಬ್ಬರೂ ಒಂದ ತಕ್ಕಡ್ಯಾಗ ಅದೀವಿ" ಎಂದರು. "ನಿಮ್ಮಪ್ಪಗ ಹೇಳಬೇಕವ್ವ. ನಿಂದೂ ಹೇಳು, ನಂದೂ ಹೇಳು. ಆಂವ ಬೈದ್ರ ಬೈಲಿ."

ಆ ರಾತ್ರಿ ಸುರಪುರದ ಕೇರಿಯ ಸಂಬಂಧಿಕರಲ್ಲಿದ್ದು, ಮರುದಿನ ಹೊತ್ತು ಮೂಡುತ್ತಲೇ ಹೊರಟೆ. ದಾರಿಯುದ್ದಕ್ಕೂ ಅವರ ಮಾತೇ ತಲೆಯಲ್ಲಿ. ದೇವರು ಕಳೆದುಹೋಗಿದ್ದಳು, ಅದು ನಿಜ. ಆದರೆ ಯೋಚಿಸಿದಷ್ಟೂ ನನಗೆ ಒಂದು ಬಗೆಯ ಧೈರ್ಯ ಬರತೊಡಗಿತು. ದೇವರಾಗಿದ್ದರೆ ಓಡಿ ಬಂದದ್ದರಲ್ಲಿ ಏನು ದೊಡ್ಡದು? ಇವಳು ನನ್ನಂತೆಯೇ ಹೆದರಿ, ನನ್ನಂತೆಯೇ ಸುಮ್ಮನಿದ್ದು, ತಡವಾಗಿಯಾದರೂ ಬಂದಳು. ಬಂದದ್ದಕ್ಕೆ ಗಂಡನ ಮನೆ ಕಳೆದುಕೊಂಡಳು. ತಡ ಮಾಡಿದವರೂ ಬರಬಹುದು ಎಂಬುದು ನನಗೆ ಬೇಕಾಗಿದ್ದ ಮಾತು. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ಅಪ್ಪನಿಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಅಪ್ಪ ಬಾಗಿಲಲ್ಲಿ ಕೂತು ಹಗ್ಗಕ್ಕೆಂದು ಪುಂಡಿನಾರು ಹೊಸೆಯುತ್ತಿದ್ದ. ಕೂಸು ಅವನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ, ನಿಂತುಕೊಂಡೇ. ಗೌಡಸಾನಿಯದು ಮೊದಲು, ನನ್ನದು ಆಮೇಲೆ. ಹೇಳುತ್ತ ಅವನ ಮುಖ ನೋಡಲಾಗಲಿಲ್ಲ. ಅವನು ನಾರು ಹೊಸೆಯುವುದು ನಿಲ್ಲಿಸಲಿಲ್ಲ.

"ಗೊತ್ತದ" ಎಂದ.

"ಏನ್ ಗೊತ್ತದ?"

"ಗಂಟಿನ ಮಟ್ಟಕ್ಕ ಬಂದೆ, ಕಾಲಿಗೆ ಕಾಳು ಸಿಗಲಿಲ್ಲ. ಅಲ್ಲೇ ತಿಳೀತು, ಹಗೇವು ಖಾಲಿ ಅದ, ದೀಪ ತಳ ಮುಟ್ಟಿಲ್ಲ ಅಂತ."

ನನಗೆ ಹಳೆಯ ಸಿಟ್ಟೇ ಬಂತು. "ಮತ್ತ ಬಿಡು ಬಿಡು ಅಂದ್ಯಲ್ಲೋ ಯಪ್ಪಾ! ಎಳಿ ಅನ್ನಬೇಕಿಲ್ಲೇನು?"

"ಖಾಲಿ ಆದ ಹಗೇದಾಗ ಗ್ವಾಡಿಗೆ ಕಾಳು ಭಾಳ ಇರ್ತದ" ಎಂದು ಅಪ್ಪ ಕೂಸಿನ ತಲೆ ಸವರಿದ. "ಇದು ಮೂರು ದಿನದಿಂದ ಹುಣಸಿ ಬೀಜ ತಿನ್ನಾಕತ್ತಿತ್ತು."

"ಸತ್ತಿದ್ರ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಇಂಥ ಪ್ರಶ್ನೆಯನ್ನೂ ಯಾರಾದರೂ ಕೇಳುತ್ತಾರೆಯೇ ಎಂಬಂತೆ ನೋಡಿದ.

"ಮ್ಯಾಲ ನೀ ಇದ್ದೆಲ್ಲ" ಎಂದ.

ನಾನು ಗೋಡೆ ಹಿಡಿದು ಕೂತು ಅತ್ತೆ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ನನ್ನ ಕೈ ತಪ್ಪಿದೆ ಎಂದು ತಿಳಿದ ಮೇಲೂ ಆ ಕೈಯನ್ನೇ ನಂಬಿ ಒಬ್ಬ ಮನುಷ್ಯ ಕತ್ತಲೊಳಗೆ ಇಳಿದಿದ್ದ. ನಾನು ತಿಂಥಣಿಯ ತನಕ ನಡೆದು ಹುಡುಕಿದ್ದು, ಸುರಪುರದ ತನಕ ನಡೆದು ಹುಡುಕಿದ್ದು, ನಮ್ಮ ಮನೆಯ ಬಾಗಿಲಲ್ಲಿ ನಾರು ಹೊಸೆಯುತ್ತ ಕೂತಿತ್ತು, ಮತ್ತು ಅದು ನಂಬಿದ್ದು ನನ್ನನ್ನು.

ಮರುದಿನ ಬೆಳಿಗ್ಗೆ ದಾಯಾದಿ ಹುಡುಗನನ್ನು ಕರೆದುಕೊಂಡು ಗೋಗಿಗೆ ಹೋದೆ. ಇನ್ನು ಗಂಟು ನಂಬಿ ದೀಪ ನಿಲ್ಲಿಸಬಾರದೆಂದು, ಹೋಗುವ ಮೊದಲು ದೀಪದ ಹಗ್ಗದ ಗಂಟುಗಳನ್ನೆಲ್ಲ ಹಲ್ಲಿನಿಂದ ಕಚ್ಚಿ ಬಿಚ್ಚಿದೆ.